ಅಟೆಂಡರ್ ಕರಿಯಣ್ಣನವರ ತಲೆಯಲ್ಲಿರುವ ಮಾಹಿತಿಯನ್ನು ಇಳಿಸಿಕೊಳ್ಳುವ ಬಗ್ಗೆ

ಮಾಹಿತಿ ವ್ಯವಸ್ಥೆ ಪದವಿ ವಿಭಾಗ, ದಾವಣಗೆರೆ

ಸಂಖ್ಯೆ: ಮಾವ್ಯವಿ/ಸು/____/2025-26 (ಖಾಲಿ ಜಾಗವನ್ನು ಕರಿಯಣ್ಣನವರನ್ನು ಕೇಳಿ ತುಂಬುವುದು)
ದಿನಾಂಕ: 08-06-2026

ಸುತ್ತೋಲೆ

ವಿಷಯ: ಇದೇ 30ರಂದು ನಿವೃತ್ತರಾಗಲಿರುವ ಅಟೆಂಡರ್ ಶ್ರೀ ಕರಿಯಣ್ಣನವರಲ್ಲಿರುವ ಮಾಹಿತಿಯನ್ನು ವಿಭಾಗದ ಸುಪರ್ದಿಗೆ ಪಡೆಯುವ ಕುರಿತು.

ಉಲ್ಲೇಖ:
1) ಅಂತಿಮ ವರ್ಷದ ವಿದ್ಯಾರ್ಥಿಗಳಾದ ಕು. ನಯನಾ ಮತ್ತು ಶ್ರೀ ತೌಸೀಫ್ ಇವರ ಪ್ರಾಜೆಕ್ಟ್ ವರದಿ.
2) ಸದರಿ ವರದಿಗೆ ಸೊನ್ನೆ ಅಂಕ ನೀಡಿ ಪ್ರೊ. ವಾಮದೇವಪ್ಪನವರು ಬರೆದ ಟಿಪ್ಪಣಿ.
3) ಸದರಿ ಟಿಪ್ಪಣಿ ಎಲ್ಲಿದೆಯೆಂದು ಕರಿಯಣ್ಣನವರು ತಿಳಿಸಿದ್ದು (ಮೌಖಿಕ).

ವಿಭಾಗಕ್ಕೆ ಒಂದು ಮಾಹಿತಿ ವ್ಯವಸ್ಥೆಯನ್ನು ರೂಪಿಸುವಂತೆ ಉಲ್ಲೇಖ (1)ರ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ವಹಿಸಲಾಗಿತ್ತು. ಅವರು ಒಂದು ತಿಂಗಳು ಕಾರಿಡಾರಿನಲ್ಲಿ ನಿಂತು, ಯಾವ ಪ್ರಶ್ನೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಬಾಣದ ಗುರುತು ಹಾಕಿ ನಕ್ಷೆ ಬರೆದರು. ಬಾಣಗಳೆಲ್ಲವೂ ಬಾಗಿಲ ಪಕ್ಕದ ಕರಿಯಣ್ಣನವರ ಸ್ಟೂಲಿಗೆ ಹೋಗಿ ಮುಟ್ಟಿದವು. “ವಿಭಾಗದಲ್ಲಿ ವ್ಯವಸ್ಥೆ ಈಗಾಗಲೇ ಇದೆ, ಸ್ಟೂಲಿನ ಮೇಲೆ ಕೂತಿದೆ” ಎಂದು ವರದಿ ಮುಗಿಸಿದರು. ಇದರಲ್ಲಿ ಕಂಪ್ಯೂಟರೇ ಇಲ್ಲವಾದ್ದರಿಂದ ಸೊನ್ನೆ ನೀಡಲಾಯಿತು.

ನಯನಾ ಮೇಲ್ಮನವಿ ಸಲ್ಲಿಸಿದ್ದರಿಂದ, ಅವೇ ನಲವತ್ತು ಪ್ರಶ್ನೆಗಳನ್ನು ವಿಭಾಗದ ಸರ್ವರ್‌ಗೂ ಕರಿಯಣ್ಣನವರಿಗೂ ಕೇಳಲಾಯಿತು. ಸರ್ವರ್ ಮೂರಕ್ಕೆ ಉತ್ತರಿಸಿತು. ಅವುಗಳಲ್ಲಿ ಎರಡು ಹೋದ ವರ್ಷದ ಉತ್ತರಗಳು. ಕರಿಯಣ್ಣನವರು ಮೂವತ್ತೊಂಬತ್ತಕ್ಕೆ ನಿಂತಲ್ಲೇ ಉತ್ತರಿಸಿದರು. ಮುಂದಿನ ನಿವೃತ್ತಿ ಯಾರದೆಂಬ ಕೊನೆಯ ಪ್ರಶ್ನೆಗೆ ಮಾತ್ರ, “ಅದೊಂದು ಯಾರೂ ಕೇಳಿಲ್ ನೋಡ್ರಿ, ಗೊತ್ತಿಲ್ಲ” ಎಂದರು. ಸೇವಾ ಪುಸ್ತಕ ತೆರೆದು ನೋಡಲಾಗಿ, ಅದು ಅವರದೇ ಎಂದು ಕಂಡುಬಂದಿದೆ. ಅಂದು ಮುಖ್ಯಸ್ಥರಿಗೆ ಊಟ ಸೇರಲಿಲ್ಲ.

ಆದ್ದರಿಂದ, 30ರೊಳಗೆ ಕರಿಯಣ್ಣನವರಲ್ಲಿರುವುದನ್ನೆಲ್ಲ ಇಳಿಸಿಕೊಂಡರೆ ನಯನಾ ಮತ್ತು ತೌಸೀಫ್ ಪಾಸು, ಇಲ್ಲವಾದಲ್ಲಿ ಅವರಿಬ್ಬರೊಂದಿಗೆ ವಿಭಾಗವೂ ಫೇಲು ಎಂದು ತೀರ್ಮಾನಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಕರಿಯಣ್ಣನವರಿಗೆ ಒಂದು ಸಲಕ್ಕೆ ಒಬ್ಬರು ಒಂದೇ ಪ್ರಶ್ನೆ ಕೇಳತಕ್ಕದ್ದು. ಸಾಲಿನಲ್ಲಿ ಮುಂದೆ ನಿಂತವರ ಉತ್ತರವನ್ನು ಹಿಂದಿನವರು ತಮ್ಮದೆಂದು ತೆಗೆದುಕೊಂಡು ಹೋಗತಕ್ಕದ್ದಲ್ಲ.

2. ಸಂಜೆ 4ರಿಂದ 4.30ರವರೆಗೆ ಅವರು ಮಂಡಕ್ಕಿ-ಮಿರ್ಚಿ ತಿನ್ನುವುದರಿಂದ, ಸದರಿ ಅವಧಿಯಲ್ಲಿ ವ್ಯವಸ್ಥೆಯು ದುರಸ್ತಿಯಲ್ಲಿದೆ ಎಂದು ತಿಳಿಯತಕ್ಕದ್ದು. ಮಿರ್ಚಿಯ ಖಾರಕ್ಕೆ ಅವರು ತಲೆ ಅಲ್ಲಾಡಿಸಿದ್ದನ್ನೇ ಒಪ್ಪಿಗೆಯೆಂದು ಭಾವಿಸಿ ಇಬ್ಬರು ಅತಿಥಿ ಉಪನ್ಯಾಸಕರು ರಜೆ ಮೇಲೆ ಹೋಗಿದ್ದು, ಇನ್ನೂ ಬಂದಿಲ್ಲ.

3. ಹರಿಹರದಿಂದ ಬರುವ ಅಧ್ಯಾಪಕರ ಹಾಜರಾತಿಯಲ್ಲಿ ಬೆರಳಚ್ಚು ಯಂತ್ರಕ್ಕೂ ಕರಿಯಣ್ಣನವರಿಗೂ ವ್ಯತ್ಯಾಸ ಬಂದಲ್ಲಿ ಯಂತ್ರದ್ದೇ ತಪ್ಪು. ಯಂತ್ರಕ್ಕೆ ಕಾರಣ ಕೇಳುವ ನೋಟಿಸನ್ನು ಯಂತ್ರದ ಮೇಲೆಯೇ ಅಂಟಿಸತಕ್ಕದ್ದು. ಏಳು ದಿನದೊಳಗೆ ಉತ್ತರ ಬಾರದಿದ್ದರೆ ಯಂತ್ರದ ಬಳಿ ಹೇಳಿಕೊಳ್ಳುವುದು ಏನೂ ಇಲ್ಲವೆಂದು ಪರಿಗಣಿಸಲಾಗುವುದು.

4. ಲ್ಯಾಬಿನ ಹದಿನೇಳನೇ ಕಂಪ್ಯೂಟರಿಗೆ ಎಲ್ಲಿ, ಎಷ್ಟು ಜೋರಾಗಿ ಗುದ್ದಿದರೆ ಅದು ಶುರುವಾಗುತ್ತದೆ ಎಂಬುದನ್ನು ದಾಖಲಿಸತಕ್ಕದ್ದು. ಜೋರನ್ನು ಅಳೆಯಲು ಪ್ರೊ. ವಾಮದೇವಪ್ಪನವರ ಬೆನ್ನನ್ನು ಬಳಸಲು ಅನುಮತಿಸಿದೆ (ಪ್ರೊ. ವಾಮದೇವಪ್ಪನವರ ಅನುಮತಿ ಬಾಕಿ ಇದೆ).

5. ಕರಿಯಣ್ಣನವರ ಬ್ಯಾಕಪ್ ಪ್ರತಿಯು ವಿನೋಬನಗರದಲ್ಲಿರುವ ಅವರ ಪತ್ನಿ ಶ್ರೀಮತಿ ದುರುಗವ್ವನವರಲ್ಲಿ ಇರಬಹುದೆಂದು ತೌಸೀಫ್‌ರನ್ನು ಕಳುಹಿಸಲಾಗಿತ್ತು. “ಮನೀಗೆ ಕೊತ್ತಂಬ್ರಿ ತರೋದು ನೆನಪಿರಲ್ಲ ಇವ್ರಿಗೆ. ಅಂಥಾದ್ದು ಏನ್ ಐತ್ರಿ ಇವ್ರ ತಲ್ಯಾಗೆ?” ಎಂದು ಅವರು ಹೇಳಿಕೆ ನೀಡಿರುತ್ತಾರೆ. ಬ್ಯಾಕಪ್ ಇಲ್ಲವೆಂದು ದಾಖಲಿಸಿಕೊಳ್ಳಲಾಗಿದೆ.

6. ಇಷ್ಟೆಲ್ಲ ಹೇಗೆ ಗೊತ್ತು ಎಂದು ಕಡೆಗೆ ನಯನಾ ಕರಿಯಣ್ಣನವರನ್ನೇ ಕೇಳಿದ್ದು, ಅವರ ಹೇಳಿಕೆ ಈ ರೀತಿ ಇದೆ: “ನಂಗೇನ್ ಗೊತ್ತೈತವ್ವ? ಬಂದೋರ್ನೆಲ್ಲಾ ಊಟ ಆತಾ ಅಂತ ಕೇಳ್ತೀನಿ. ಮುಂದಿಂದೆಲ್ಲಾ ಅವ್ರೇ ಹೇಳ್ತಾರೆ.” ವಿದ್ಯಾರ್ಥಿಗಳಿಗೆ ಮೂರು ವರ್ಷ ಮಾಹಿತಿ ವ್ಯವಸ್ಥೆಯ ಪಾಠ ಮಾಡಿದ ವಿಭಾಗಕ್ಕೆ ಈ ಸಂಗತಿ ತಿಳಿದಿರಲಿಲ್ಲ. ಇಳಿಸಿಕೊಳ್ಳುವ ಕಾರ್ಯ ಇಲ್ಲಿಗೆ ಪೂರ್ಣಗೊಂಡಿದೆ. ನಯನಾ ಮತ್ತು ತೌಸೀಫ್ ಅವರಿಗೆ ಪೂರ್ತಿ ಅಂಕ ಮಂಜೂರಾಗಿದೆ. ಅಂಕಪಟ್ಟಿಯ ಬೀರುವಿನ ಕೀಲಿ ಎಲ್ಲಿದೆಯೆಂದು ಕರಿಯಣ್ಣನವರನ್ನು ಕೇಳುವುದು.

7. ಜುಲೈ 1ರಿಂದ ಎಲ್ಲ ಸಿಬ್ಬಂದಿಯೂ ಸರದಿಯಂತೆ ಸ್ಟೂಲಿನ ಮೇಲೆ ಕೂತು, ಬಂದವರಿಗೆ ಊಟ ಆಯಿತೇ ಎಂದು ಕೇಳತಕ್ಕದ್ದು. ಕೇಳಿದವರು ಉತ್ತರ ಮುಗಿಯುವವರೆಗೂ ಮೊಬೈಲ್ ನೋಡತಕ್ಕದ್ದಲ್ಲ. ಪ್ರಾಯೋಗಿಕವಾಗಿ ಪ್ರೊ. ವಾಮದೇವಪ್ಪನವರು ಮುಖ್ಯಸ್ಥರಿಗೆ ಈ ಪ್ರಶ್ನೆಯನ್ನು ಇ-ಮೇಲ್ ಮೂಲಕ ಕೇಳಿದ್ದು, ಮರುದಿನ ಉತ್ತರ ತಲುಪುವ ಹೊತ್ತಿಗೆ ಮುಖ್ಯಸ್ಥರಿಗೆ ಪುನಃ ಹಸಿವಾಗಿತ್ತು. ಇ-ಮೇಲ್ ನಿಷೇಧಿಸಿದೆ.

8. ಇದೇ ಪ್ರಶ್ನೆಯನ್ನು ಕರಿಯಣ್ಣನವರಿಗೆ ಯಾರು ಕೇಳಿದ್ದಾರೆಂದು ನಯನಾ ಅವರ ನಕ್ಷೆಯಲ್ಲಿ ಹುಡುಕಲಾಯಿತು. ಸ್ಟೂಲಿನ ಕಡೆಗೆ ನಾನೂರ ಹನ್ನೆರಡು ಬಾಣಗಳಿವೆ; ಕೀಲಿ, ಫೈಲು, ಸೀಮೆಸುಣ್ಣ, ಬಸ್ಸು. ಊಟದ್ದು ಒಂದೂ ಇಲ್ಲ. ಮೂವತ್ತನಾಲ್ಕು ವರ್ಷದ ಸೇವೆ. ಇದಕ್ಕಾಗಿ ವಿಭಾಗವು ನಾಚಿಕೆಪಟ್ಟಿದೆ. ಆದ್ದರಿಂದ 30ರಂದು ಮಧ್ಯಾಹ್ನ 1 ಗಂಟೆಗೆ ಎಲ್ಲರೂ ಸ್ಟೂಲಿನ ಮುಂದೆ ಹಾಜರಾಗಿ ಒಬ್ಬೊಬ್ಬರಾಗಿ ಕೇಳತಕ್ಕದ್ದು. ಕೀಲಿಯ ವಿಚಾರ ಎತ್ತತಕ್ಕದ್ದಲ್ಲ. ಆಗಿಲ್ಲ ಎಂದಲ್ಲಿ ಅವರ ಜೊತೆ ಕೂತು ಉಣ್ಣತಕ್ಕದ್ದು. ಆಗಿದೆ ಎಂದರೂ ಕೂತು ಉಣ್ಣತಕ್ಕದ್ದು.

ಸಹಿ/-
(ಡಾ. ಬಸವಪ್ರಭು)
ವಿಭಾಗದ ಮುಖ್ಯಸ್ಥರು
(ಮೊಹರು ಸಿಕ್ಕಿರುವುದಿಲ್ಲ)

ಪ್ರತಿಗಳು:
1. ಪ್ರೊ. ವಾಮದೇವಪ್ಪನವರಿಗೆ, ಬೆನ್ನಿನ ಬಗ್ಗೆ ಅಗತ್ಯ ಕ್ರಮಕ್ಕಾಗಿ.
2. ಕು. ನಯನಾ ಮತ್ತು ಶ್ರೀ ತೌಸೀಫ್ ಅವರಿಗೆ.
3. ಶ್ರೀಮತಿ ದುರುಗವ್ವನವರಿಗೆ, ಒಂದು ಕಟ್ಟು ಕೊತ್ತಂಬರಿ ಸಹಿತ.
4. ಬೆರಳಚ್ಚು ಯಂತ್ರಕ್ಕೆ.
5. ಶ್ರೀ ಕರಿಯಣ್ಣನವರಿಗೆ, ಮೇಲ್ಕಂಡ ಪ್ರತಿಗಳನ್ನು ಎಲ್ಲರಿಗೂ ಹಂಚುವ ಸಲುವಾಗಿ. 8ನೇ ಅಂಶವನ್ನು ಓದದೆ ಹಂಚಬೇಕಾಗಿ ಕೋರಿದೆ.