ಒಬ್ಬಳಲ್ಲೇ ಮೂರು ಕಾಲಂ

ಸಮಾಜಕಾರ್ಯ ಕಲಿಸುವವರಿಗೆ ನಾಚಿಕೆಪಡುವ ಅವಕಾಶ ತುಂಬ ಒದಗಿ ಬರುತ್ತದೆ. ಗಣಿತದ ಮೇಷ್ಟ್ರು ತಪ್ಪು ಮಾಡಿದರೆ ಬೋರ್ಡ್ ಒರೆಸಿದರಾಯಿತು. ನಾವು ಬೆಳಿಗ್ಗೆ ಕ್ಲಾಸಿನಲ್ಲಿ ಏನನ್ನು ಮಾಡಬಾರದು ಎಂದು ಪಾಠ ಮಾಡುತ್ತೇವೋ, ಮಧ್ಯಾಹ್ನ ಅದನ್ನೇ ಮಾಡಿ ಕೂತಿರುತ್ತೇವೆ. ಕೊಡಿಯಾಲ್‌ಬೈಲಿನ ನಮ್ಮ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಇಂಥವು ಎಷ್ಟೋ ಆಗಿವೆ. ಆದರೆ ಒಂದೇ ವರ್ಷದಲ್ಲಿ, ಒಬ್ಬಳೇ ಹುಡುಗಿಯ ಎದುರು, ಸಾಲಾಗಿ ಮರ್ಯಾದೆ ಹೋದದ್ದು ಒಮ್ಮೆ ಮಾತ್ರ. ಈಗಲೂ ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ಅದು ನೆನಪಾಗಿ "ಛೇ!" ಎಂದು ದೊಡ್ಡದಾಗಿ ಹೇಳಿಬಿಡುತ್ತೇನೆ. ಹೊರಗಿನಿಂದ ನಮ್ಮ ಯಜಮಾನರು ಕೇಳುತ್ತಾರೆ, "ಎಂತ, ಹಾಲು ಉಕ್ಕಿತಾ?"

೧. ಸಮಿತಿ

ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ಒಂದು ತಂಡ ಬರುವುದಿತ್ತು. ಜಾತಿ, ಧರ್ಮ, ಅಂಗವೈಕಲ್ಯ ಇಂಥ ಕಾರಣಕ್ಕೆ ಯಾರೂ ಹೊರಗೆ ಉಳಿಯದ ಹಾಗೆ ನೋಡಿಕೊಳ್ಳುವ ಸಮಿತಿಯೊಂದು ಇರಲೇಬೇಕಂತೆ. ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು, ಸುತ್ತ ನೋಡಿ, ನನ್ನನ್ನು ಸಂಚಾಲಕಿ ಮಾಡಿದರು.

"ನೀವೇ ಆಗಬೇಕು ಮೇಡಂ. ನಿಮ್ಮದು ದೊಡ್ಡ ಮನಸ್ಸು" ಎಂದರು.

ನಮ್ಮದು ದೇವಸ್ಥಾನದಲ್ಲಿ ಪೂಜೆ ಮಾಡಿಕೊಂಡು ಬಂದ ಮನೆತನ. ದೊಡ್ಡ ಮನಸ್ಸು ಎಂದು ಯಾರಾದರೂ ಹೊಗಳಿದರೆ ನನಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ತಕ್ಷಣ ಸದಸ್ಯರನ್ನು ಆರಿಸಿದೆ. ಯಾರನ್ನು? ದಿನಾ ಮಧ್ಯಾಹ್ನ ನನ್ನದೇ ಮೇಜಿನಲ್ಲಿ ಬುತ್ತಿ ಬಿಚ್ಚುವ ನಾಲ್ವರನ್ನು. ಐದೂ ಜನ ಮೊಸರನ್ನದವರು. ಎಲ್ಲರನ್ನೂ ಒಳಗೊಳ್ಳುವ ಸಮಿತಿ ತಯಾರಾಯಿತು!

ಪಟ್ಟಿ ನೋಡಿ ಪ್ರಿನ್ಸಿಪಾಲರು ತಲೆ ಕೆರೆದುಕೊಂಡರು. "ವಿದ್ಯಾರ್ಥಿಗಳಿಂದ ಒಬ್ಬರಾದರೂ ಬೇಕಲ್ಲ ಮೇಡಂ. ಫಾರ್ಮಿನಲ್ಲಿ ಕಾಲಂ ಉಂಟು. ಮಹಿಳೆ, ಅಲ್ಪಸಂಖ್ಯಾತರು, ಅಂಗವಿಕಲರು, ಮೂರು ತುಂಬಿಸಬೇಕು."

ನನಗೆ ಥಟ್ಟನೆ ನೆನಪಾದದ್ದು ಕೊನೆಯ ವರ್ಷದ ಒಬ್ಬ ಹುಡುಗಿ. ವಾಮಂಜೂರಿನವಳು, ಬ್ಯಾರಿ ಮುಸ್ಲಿಮರ ಮನೆತನ, ತಂದೆಗೆ ಬಟ್ಟೆ ಅಂಗಡಿ. ಹುಟ್ಟಿದಾಗಿನಿಂದ ಒಂದು ಕಾಲು ಸಣ್ಣ, ಊರುಗೋಲು ಹಿಡಿದು ನಡೆಯುತ್ತಾಳೆ. ಓದಿನಲ್ಲಿ ಜೋರು, ಮಾತು ಕಡಿಮೆ. ಅವಳನ್ನು ಕರೆಸಿ, ಎಲ್ಲರ ಎದುರು, ಲಾಟರಿ ಹೊಡೆದವಳ ಸ್ವರದಲ್ಲಿ ಹೇಳಿದೆ, "ನೋಡಿ ಸರ್, ಮೂರು ಜನರನ್ನು ಹುಡುಕುವ ತಾಪತ್ರಯವೇ ಇಲ್ಲ. ಒಬ್ಬಳಲ್ಲೇ ಮೂರು ಕಾಲಂ!"

ಹುಡುಗಿ ನನ್ನನ್ನೂ ಫಾರ್ಮನ್ನೂ ನೋಡಿದಳು.

"ಮೇಡಂ, ನಾನು ಬರೆಯುವುದು ಎಡಗೈಯಲ್ಲಿ. ಅದಕ್ಕೆ ಕಾಲಂ ಉಂಟಾ?"

ನಾನು ಫಾರ್ಮ್ ತಿರುಗಿಸಿ ಹಿಂದಿನ ಪುಟದಲ್ಲಿ ಹುಡುಕಿದೆ, ಮಾರಾಯ್ರೆ.

೨. ರಿಯಾಯಿತಿ

ನಮ್ಮಲ್ಲಿ ಪಾಠಕ್ಕಿಂತ ಫೀಲ್ಡ್ ವರ್ಕ್ ದೊಡ್ಡದು. ಪ್ರತಿ ವಿದ್ಯಾರ್ಥಿಯೂ ಹೊರಗೆ ಹೋಗಿ, ತೊಂದರೆಯಲ್ಲಿರುವ ಒಬ್ಬ ವ್ಯಕ್ತಿಯನ್ನು ಹತ್ತು ಸಲ ಭೇಟಿ ಮಾಡಿ, ಮಾತಾಡಿಸಿ, ಆ ವ್ಯಕ್ತಿಯ ವಿಷಯವಾಗಿ ವಾರವಾರ ವರದಿ ಬರೆಯಬೇಕು. ಆ ವ್ಯಕ್ತಿಗೆ ನಾವು ಕ್ಲೈಂಟ್ ಎನ್ನುತ್ತೇವೆ. ಕ್ಲೈಂಟ್ ಇಲ್ಲದಿದ್ದರೆ ವೈವಾ ಇಲ್ಲ, ವೈವಾ ಇಲ್ಲದಿದ್ದರೆ ಡಿಗ್ರಿ ಇಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಯಾರು ಎಲ್ಲಿಗೆ ಹೋಗಬೇಕೆಂದು ಪಟ್ಟಿ ಮಾಡಿದ್ದು ನಾನೇ. ಒಬ್ಬ ಆಸ್ಪತ್ರೆಗೆ, ಒಬ್ಬಳು ವೃದ್ಧಾಶ್ರಮಕ್ಕೆ. ಈ ಹುಡುಗಿಯ ಹೆಸರಿನ ಎದುರು ನಾನು ಬರೆದದ್ದು "ವಿಶೇಷ ರಿಯಾಯಿತಿ. ಕಾಲೇಜು ಆಫೀಸು." ಹಳೆಯ ವರದಿಗಳ ಧೂಳು ಹೊಡೆದು ಜೋಡಿಸುವ ಕೆಲಸ. ಪಾಪ, ಬಿಸಿಲಿನಲ್ಲಿ ಯಾಕೆ ಅಲೆಯಬೇಕು ಎಂದು ನನ್ನ ದೊಡ್ಡ ಮನಸ್ಸಿಗೆ ಅನಿಸಿತ್ತು. ಅವಳನ್ನು ಒಂದು ಮಾತು ಕೇಳಬೇಕೆಂದು ಅನಿಸಲಿಲ್ಲ.

ಮರುದಿನವೇ ಬಂದಳು. "ಮೇಡಂ, ನನಗೆ ಫೀಲ್ಡ್ ಎಲ್ಲಿ?"

"ನಿನಗೆ ಬೇಡ ಮಗಾ. ನೆರಳಿನಲ್ಲಿ ಕೂತು ಕೆಲಸ ಮಾಡು, ಆರಾಮ."

"ಆಫೀಸಿನಲ್ಲಿ ಕ್ಲೈಂಟ್ ಸಿಗುವುದಿಲ್ಲ ಮೇಡಂ. ವೈವಾಕ್ಕೆ ಎಂತ ಹಿಡಿದುಕೊಂಡು ಹೋಗುವುದು? ಜೂನ್‌ನಲ್ಲಿ ಒಂದು ಆಸ್ಪತ್ರೆಯವರು ಕೆಲಸ ಕೊಡ್ತೇವೆ ಅಂತ ಹೇಳಿದ್ದಾರೆ. ಈ ಸಲ ಪಾಸಾಗದಿದ್ದರೆ ಅದು ಬೇರೆಯವರಿಗೆ ಹೋಗ್ತದೆ."

ನಾನು ಸಮಿತಿಯ ಬ್ಯಾನರಿಗೆ ಬಣ್ಣ ಆರಿಸುವುದರಲ್ಲಿ ಮುಳುಗಿದ್ದೆ. "ಮಂಡೆ ಬಿಸಿ ಮಾಡಬೇಡ. ಕ್ಲೈಂಟನ್ನು ನೀನೇ ಹುಡುಕಿಕೋ. ಆದರೆ ಕಾಂಪೌಂಡ್ ದಾಟಬೇಡ. ಕಾಲೇಜಿನ ಒಳಗೇ ಯಾರಾದರೂ ಸಹಾಯ ಬೇಕಾದವರು ಇದ್ದಾರಾ ನೋಡು."

ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇದ್ದಾರೆ ಮೇಡಂ" ಎಂದು ಹೋದಳು.

೩. ಒಟ್ಟಿಗೆ ಊಟ

ಸಮಿತಿ ಅಂದ ಮೇಲೆ ಒಂದು ಕಾರ್ಯಕ್ರಮ ಬೇಡವಾ? "ಒಟ್ಟಿಗೆ ಊಟ" ಎಂದು ಇಟ್ಟೆವು. ಎಲ್ಲರೂ ತಮ್ಮ ತಮ್ಮ ಮನೆಯ ಅಡುಗೆ ತಂದು ಹಂಚಿಕೊಂಡು ತಿನ್ನುವುದು. ನಮ್ಮ ಮನೆಯಿಂದ ಕೆಸುವಿನೆಲೆಯ ಪತ್ರೊಡೆ ಬಂತು, ಕ್ರೈಸ್ತರ ಮನೆಯಿಂದ ಇಡ್ಲಿಯಂಥ ಸನ್ನಾಸ್ ಬಂತು, ಕೋರಿ ರೊಟ್ಟಿ ಬಂತು. ಮೀನು ಕೋಳಿಯ ಮೇಜನ್ನು "ಗಾಳಿ ಚೆನ್ನಾಗಿ ಉಂಟು" ಎಂದು ವರಾಂಡದ ಆ ತುದಿಗೆ ಹಾಕಿಸಿದ್ದು ಯಾರು ಎಂದು ದಯವಿಟ್ಟು ಕೇಳಬೇಡಿ.

ಹುಡುಗಿ ದೊಡ್ಡ ಡಬ್ಬ ತುಂಬ ಪತ್ತಿರಿ ತಂದಿದ್ದಳು. ತೆಳ್ಳಗಿನ ಅಕ್ಕಿ ರೊಟ್ಟಿ, ಹತ್ತಿಯ ಹಾಗೆ ಮೆತ್ತಗೆ. ಒಂದು ಕೈಯಲ್ಲಿ ಊರುಗೋಲು, ಒಂದು ಕೈಯಲ್ಲಿ ಡಬ್ಬ, ಎಲ್ಲರಿಗೂ ಬಡಿಸಿದಳು. ತಾನು ಮಾತ್ರ ಒಂದು ತುಂಡೂ ಮುಟ್ಟಲಿಲ್ಲ. ಫೋಟೋ ತೆಗೆಯುವಾಗಲೂ ಅವಳ ಕೈಯಲ್ಲಿ ತಟ್ಟೆ ಇಲ್ಲ. ನನಗೆ ಸಿಟ್ಟು ಮೂಗಿನ ತುದಿಗೆ ಬಂತು. ಇಷ್ಟು ಕಷ್ಟಪಟ್ಟು ಎಲ್ಲರನ್ನೂ ಒಂದು ಮಾಡಿದರೆ ಇವಳದು ಇದೆಂಥ ಬಿಗುಮಾನ?

ಎಲ್ಲರಿಗೂ ಕೇಳುವ ಹಾಗೆ ಹೇಳಿಯೇಬಿಟ್ಟೆ, "ಎಂತ ಮಾರಾಯ್ತಿ, ನಾವು ನಿಮ್ಮ ಪತ್ತಿರಿ ತಿನ್ನಬಹುದು, ನಮ್ಮ ಪತ್ರೊಡೆ ನಿಮಗೆ ಸೇರುವುದಿಲ್ಲವಾ?"

"ಸೇರ್ತದೆ ಮೇಡಂ" ಎಂದಳು ತಣ್ಣಗೆ. "ಆರು ಮುಕ್ಕಾಲಿಗೆ."

ರಂಜಾನ್ ಶುರುವಾಗಿ ವಾರವಾಗಿತ್ತು. ಉಪವಾಸ ಹಿಡಿದವಳ ಕೈಯಲ್ಲಿ ನಾವು ನಲ್ವತ್ತು ಜನ ಬಡಿಸಿಕೊಂಡು ತಿಂದಿದ್ದೆವು. ನಾಚಿಕೆಯಿಂದ ಆ ಪತ್ರೊಡೆಯ ಒಂದು ಪೊಟ್ಟಣ ಕಟ್ಟಿ ಅವಳ ಕೈಗೆ ಕೊಟ್ಟೆ. ಮರುದಿನ ಬಂದು ಹೇಳಿದಳು, "ಪತ್ರೊಡೆ ಲಾಯ್ಕ್ ಇತ್ತು ಮೇಡಂ. ಉಪ್ಪು ಮಾತ್ರ ಹಾಕಲು ಮರೆತಿದ್ದೀರಿ."

ನಲ್ವತ್ತು ಜನರಲ್ಲಿ ಒಬ್ಬರೂ ನನಗೆ ಅದನ್ನು ಹೇಳಿರಲಿಲ್ಲ.

೪. ಬಸ್ಸು

ನನ್ನ ಮನೆ ಬಿಕರ್ನಕಟ್ಟೆಯಲ್ಲಿ. ದಿನಾ ಸ್ಕೂಟರಿನಲ್ಲಿ ಹೋಗಿ ಬರುವುದು. ಒಂದು ಸಂಜೆ ಸ್ಕೂಟರ್ ಕೈಕೊಟ್ಟಿತು. ಎಷ್ಟೋ ವರ್ಷಗಳ ಮೇಲೆ ಬಸ್ಸಿಗೆ ನಿಂತೆ. ನಮ್ಮ ಬಿಕರ್ನಕಟ್ಟೆಯ ಬಾಲಯೇಸು ಮಂದಿರಕ್ಕೆ ಹೋಗುವವರ ರಶ್ ಬೇರೆ. ಒಂದು ಬಸ್ ಬಿಟ್ಟೆ, ಎರಡು ಬಿಟ್ಟೆ, ಮೂರನೆಯದಕ್ಕೆ ಒಂದು ಕಾಲಿಟ್ಟೆ. ಇನ್ನೊಂದು ಕಾಲು ರಸ್ತೆಯಲ್ಲಿರುವಾಗಲೇ ಕಂಡಕ್ಟರ್ ಸೀಟಿ ಊದಿದ. ಒಳಗಿನಿಂದ ಯಾರೋ ನನ್ನ ರಟ್ಟೆ ಹಿಡಿದು ಎಳೆದುಕೊಂಡರು. ನೋಡಿದರೆ ಅದೇ ಹುಡುಗಿ. ವಾಮಂಜೂರಿಗೆ ಹೋಗುವ ಬಸ್ಸು ಅದು.

"ಮೇಡಂ, ಇಲ್ಲಿ ಕೂತುಕೊಳ್ಳಿ" ಎಂದು ತನ್ನ ಸೀಟಿನಿಂದ ಎದ್ದಳು. ಬೇಡ ಬೇಡ ಎನ್ನುತ್ತಿರುವಾಗಲೇ ನಂತೂರು ಸರ್ಕಲಿನಲ್ಲಿ ಡ್ರೈವರ್ ಬ್ರೇಕ್ ಹಾಕಿದ, ನಾನು ಹೋಗಿ ಆ ಸೀಟಿನಲ್ಲೇ ಬಿದ್ದೆ. ತಲೆಯೆತ್ತಿ ನೋಡಿದರೆ ಮೇಲೆ "ಅಂಗವಿಕಲರಿಗೆ" ಎಂಬ ಬೋರ್ಡು. ಪಕ್ಕದಲ್ಲಿ ಅವಳು ಊರುಗೋಲಿನ ಮೇಲೆ ನಿಂತು, ಬಸ್ಸು ವಾಲಿದ ಕಡೆಗೆ ವಾಲುತ್ತಾ ಬ್ಯಾಗಿನಿಂದ ನೀರಿನ ಬಾಟ್ಲಿ ತೆಗೆದು ನನಗೆ ಕೊಡುತ್ತಿದ್ದಾಳೆ. ಇವಳಿಗೆ ಓಡಾಟ ಕಷ್ಟ ಎಂದು ರಿಯಾಯಿತಿ ಬರೆದದ್ದು ನಾನು!

ಕಂಡಕ್ಟರ್ ಬಂದು ಇಬ್ಬರನ್ನೂ ನೋಡಿದ. ಅವನಿಗೆ ಲೆಕ್ಕ ಸರಿಹೋಗಲಿಲ್ಲ. "ಇದು ಅಂಗವಿಕಲರ ಸೀಟು. ಈ ಮೇಡಂಗೆ ಎಂತ ಆಗಿದೆ?"

ಹುಡುಗಿ ಗಂಭೀರವಾಗಿ ಹೇಳಿದಳು, "ಅವರಿಗೂ ಉಂಟು. ಹೊರಗೆ ಕಾಣುವುದಿಲ್ಲ."

ಕಂಡಕ್ಟರ್ ಪಾಪ, "ಹಾಗಾದರೆ ಕೂತುಕೊಳ್ಳಿ ಅಮ್ಮಾ" ಎಂದ. ಬಿಕರ್ನಕಟ್ಟೆಯಲ್ಲಿ ಕೈ ಹಿಡಿದು ಇಳಿಸಿದ.

೫. ಕೆಂಪು ಪೆನ್ನು

ಫೀಲ್ಡ್ ವರ್ಕಿನ ವಾರದ ವರದಿಗಳನ್ನು ಓದಿ ಸಹಿ ಹಾಕುವುದು ನನ್ನ ಕೆಲಸ. ಈ ಹುಡುಗಿಯೂ ತಪ್ಪದೆ ವರದಿ ಕೊಡುತ್ತಿದ್ದಳು. ಕ್ಲೈಂಟಿನ ಗುಟ್ಟು ಕಾಯಬೇಕು ಎಂಬುದು ನಾನೇ ಕಲಿಸಿದ ನಿಯಮ. ಆದ್ದರಿಂದ ಹೆಸರಿಲ್ಲ, "ಶ್ರೀಮತಿ ಕ" ಎಂದಷ್ಟೇ. "ವಯಸ್ಸು ಐವತ್ತರ ಆಸುಪಾಸು. ಇದೇ ಕಾಂಪೌಂಡಿನಲ್ಲಿ ಕೆಲಸ. ಸಮಸ್ಯೆ: ಎದುರಿನವರಿಗೆ ಏನು ಬೇಕೆಂದು ಕೇಳುವ ಮೊದಲೇ ಸಹಾಯ ಮಾಡಿಬಿಡುತ್ತಾರೆ. ಬೇಡ ಎಂದರೆ ನೊಂದುಕೊಳ್ಳುತ್ತಾರೆ."

ನನಗೆ ಗೊತ್ತಾಗಿಹೋಯಿತು. ಹಾಸ್ಟೆಲ್ ವಾರ್ಡನ್! ಇನ್ಯಾರು? ಹೆಸರು ಮುಚ್ಚಿಟ್ಟರೂ ಗುರುತು ಹಿಡಿದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕ್ಯಾಂಟೀನಿನಲ್ಲಿ ವಾರ್ಡನ್ ಸಿಕ್ಕಾಗಲೆಲ್ಲ ಪಾಪ ಎಂದು ಮುಖ ಮಾಡಿ, ಎರಡು ಮಾತು ಹೆಚ್ಚೇ ಆಡುತ್ತಿದ್ದೆ. ಒಂದು ದಿನ ಅವರು ನನ್ನನ್ನೇ ಕೇಳಿದರು, "ಮೇಡಂ, ಹುಷಾರಿದ್ದೀರಲ್ಲ?"

ವರದಿಗಳ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಧಾರಾಳವಾಗಿ ಬರೆದೆ. "ಇಂಥವರು ತಾವು ಒಳ್ಳೆಯದೇ ಮಾಡುತ್ತಿದ್ದೇವೆ ಎಂದು ನಂಬಿರುತ್ತಾರೆ. ಸುಲಭಕ್ಕೆ ಸರಿಯಾಗುವವರಲ್ಲ. ಬಿಡಬೇಡ." ಇನ್ನೊಂದು ವಾರ, "ಇವರ ಜೊತೆ ದಿನಾ ಏಗುವವರ ಗತಿ ನೆನೆದರೆ ಅಯ್ಯೋ ಅನಿಸುತ್ತದೆ."

ಅದೇ ದಿನಗಳಲ್ಲಿ ಹುಡುಗಿ ವಾರಕ್ಕೊಮ್ಮೆ ನನ್ನ ಮೇಜಿಗೆ ಬಂದು ಕೂತು, "ಮೇಡಂ, ಹೇಗಿದ್ದೀರಿ?" ಎಂದು ಕೇಳುತ್ತಿದ್ದಳು. ಪಾಪ, ಅವಳಿಗೆ ಮಾತಾಡಲು ಯಾರೂ ಇಲ್ಲ ಎಂದುಕೊಂಡು ನಾನು ಅರ್ಧ ಗಂಟೆ ಮಾತಾಡಿ ಕಳಿಸುತ್ತಿದ್ದೆ.

೬. ವೈವಾ

ಬೇರೆ ಊರಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ನಗು ಅಪರೂಪ. ಅವರ ಬಲಕ್ಕೆ ಪ್ರಿನ್ಸಿಪಾಲರು, ಎಡಕ್ಕೆ ನಾನು, ಎದುರಿಗೆ ಹುಡುಗಿ. ಪರೀಕ್ಷಕರು ಅವಳ ಕೊನೆಯ ವರದಿಯನ್ನು ತಿರುವಿ ಹಾಕಿ ಕೆಳಗಿಟ್ಟರು. ಸೆಮಿಸ್ಟರಿನ ಗಡಿಬಿಡಿಯಲ್ಲಿ ಅದೊಂದಕ್ಕೆ ನಾನು ಓದದೆ ಸಹಿ ಹಾಕಿದ್ದೆ.

"ಬರವಣಿಗೆ ತುಂಬ ಚೆನ್ನಾಗಿದೆ. ಆದರೆ ಇದು ಕಟ್ಟುಕತೆ. ಸಮಾಜಕಾರ್ಯ ಕಾಲೇಜಿನಲ್ಲಿ ಇಂಥ ಹೆಂಗಸು ಇರಲು ಸಾಧ್ಯವೇ ಇಲ್ಲ. ಹೆಸರು ಹೇಳಮ್ಮ. ಇಲ್ಲದಿದ್ದರೆ ಇದನ್ನು ಒಪ್ಪಲಾರೆ."

"ಹೆಸರು ಹೇಳುವ ಹಾಗಿಲ್ಲ ಸರ್. ಮೇಡಂ ಹಾಗೆ ಕಲಿಸಿದ್ದಾರೆ."

"ಹೇಳದಿದ್ದರೆ ಫೇಲ್."

ಹುಡುಗಿ ಊರುಗೋಲನ್ನು ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನೆ ಕೂತಳು. ಜೂನ್ ತಿಂಗಳ ಕೆಲಸ ಕಣ್ಣೆದುರೇ ಹೋಗುತ್ತಿತ್ತು. ಪರೀಕ್ಷಕರು ಪ್ರಿನ್ಸಿಪಾಲರಿಗೆ ಓದಿ ತೋರಿಸಿದರು, "ಕೇಳಿ ಇದನ್ನು. ಉಪವಾಸದಲ್ಲಿದ್ದವಳಿಗೆ ಊಟ ಯಾಕೆ ಮಾಡುವುದಿಲ್ಲ ಎಂದು ಬೈದರಂತೆ. ಅಂಗವಿಕಲರ ಸೀಟಿನಲ್ಲಿ ಕೂತು ನೀರು ಕುಡಿದರಂತೆ. ಎಲ್ಲಾದರೂ ಉಂಟಾ?"

ವಾರ್ಡನ್ ಬಸ್ಸಿನಲ್ಲಿ ಇರಲಿಲ್ಲ. ಒಂದು ಕ್ಷಣ ಸುಮ್ಮನಿದ್ದುಬಿಡೋಣ ಎಂದೂ ಅನಿಸಿತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತೆರಡು ವರ್ಷದ ಮರ್ಯಾದೆ, ಪಕ್ಕದಲ್ಲಿ ಪ್ರಿನ್ಸಿಪಾಲರು. ಆದರೆ ಆ ಹುಡುಗಿ ನನ್ನ ಕಡೆ ನೋಡಲೂ ಇಲ್ಲ. ನನ್ನ ಗುಟ್ಟು ಕಾಯಲು ಫೇಲಾಗಲು ತಯಾರಾಗಿ ಕೂತಿದ್ದಳು.

ಕ್ಲಾಸಿನ ಮಕ್ಕಳ ಹಾಗೆ ಕೈಯೆತ್ತಿದೆ. "ಸರ್, ಕ್ಲೈಂಟ್ ಇದ್ದಾರೆ."

"ಎಲ್ಲಿ?"

"ನಿಮ್ಮ ಎಡಗಡೆಯ ಕುರ್ಚಿಯಲ್ಲಿ."

ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನು ನೋಡಿ, ಮತ್ತೆ ಹಾಕಿಕೊಂಡು ಹಳೆಯ ವರದಿ ಎತ್ತಿದರು. "ಹಾಗಾದರೆ ಇಲ್ಲಿ ಕೆಂಪು ಪೆನ್ನಿನಲ್ಲಿ 'ಸುಲಭಕ್ಕೆ ಸರಿಯಾಗುವವರಲ್ಲ, ಬಿಡಬೇಡ' ಅಂತ ಬರೆದದ್ದು ಯಾರು?"

"ಅದೂ ನಾನೇ ಸರ್."

ಪ್ರಿನ್ಸಿಪಾಲರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ನನಗೆ ಮೇಜಿನ ಕೆಳಗೆ ಹೋಗಿ ಕೂರೋಣ ಅನಿಸುತ್ತಿತ್ತು.

ಪರೀಕ್ಷಕರು ಮಾತ್ರ ಬಿಡಲಿಲ್ಲ. "ಸರಿ, ಕೇಸು ನಿಜ. ಆದರೆ ಕ್ಲೈಂಟಿನ ಒಪ್ಪಿಗೆ ಪತ್ರ ಎಲ್ಲಮ್ಮ? ಒಬ್ಬರನ್ನು ಕೇಳದೆ ಅವರಿಗೆ ಸಹಾಯ ಮಾಡಲು ಹೊರಡುವುದು ತಪ್ಪಲ್ಲವಾ?"

"ತಪ್ಪು ಸರ್" ಎಂದಳು ಹುಡುಗಿ ತಲೆ ತಗ್ಗಿಸಿ. "ಅದನ್ನು ಮೇಡಂ ಅವರನ್ನು ನೋಡಿ ಕಲಿತದ್ದು."

ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿ, "ಒಪ್ಪಿಗೆ ಉಂಟಾ ಮೇಡಂ? ಸಹಿ ಬಿದ್ದರೆ ಹುಡುಗಿ ಪಾಸು" ಎಂದರು. ಉಂಟು ಎಂದು ಬರೆದು ಸಹಿ ಹಾಕಿದೆ. ಕೈಗೆ ಸಿಕ್ಕಿದ್ದು ಅದೇ ಕೆಂಪು ಪೆನ್ನು.