ನಾಲತವಾಡದ ಮುಖಕ್ಕೆ ಇಪ್ಪತ್ನಾಲ್ಕು ಇಂಚು

ಮದುವೆಯಾಗಿ ಇಪ್ಪತ್ತೊಂದು ವರ್ಷವಾದ ಮೇಲೂ ಹೆಂಡತಿಯನ್ನು ನೋಡಬೇಕೆನಿಸುತ್ತದೆ ಎಂದು ಬಾಯಿಬಿಟ್ಟು ಹೇಳುವ ಗಂಡಸರು ನಮ್ಮ ಕಡೆ ಸಿಗುವುದಿಲ್ಲ. ಅನಿಸುವುದಿಲ್ಲ ಎಂದಲ್ಲ, ಹೇಳುವುದಿಲ್ಲ ಅಷ್ಟೆ. ತವರಿಗೆ ಹೋದ ಹೆಂಡತಿಯನ್ನು ಕರೆತರಲು ಹೊರಟವನು ಕೂಡ ‘ಆ ಕಡೆ ಒಂದೀಟು ಕೆಲಸ ಐತಿ’ ಎಂದೇ ಬಸ್ಸು ಹತ್ತುತ್ತಾನೆ. ನಾನೂ ಅದೇ ಮಣ್ಣಿನವನು. ಹಾಗಾಗಿ ನನ್ನ ಲ್ಯಾಪ್‌ಟಾಪಿಗೆ ಒಂದು ದೊಡ್ಡ ಮಾನಿಟರು ಬೇಕು ಎಂಬ ಹಂಬಲ ಹುಟ್ಟಿದಾಗ, ಕೇಳಿದವರಿಗೆಲ್ಲ ‘ಆಫೀಸಿನ ಎಕ್ಸೆಲ್ ಶೀಟು ಬಾಳ ಅಗಲ ಇರ್ತಾವ್ರಿ, ಕಣ್ಣಿಗೆ ತ್ರಾಸ ಆಗತೈತಿ’ ಎಂದು ಹೇಳಿಕೊಂಡು ತಿರುಗಿದೆ. ನಿಜ ಏನೆಂದರೆ, ನನಗೆ ನನ್ನ ಹೆಂಡತಿ ಶೋಭಾಳ ಮುಖವನ್ನು ದೊಡ್ಡದಾಗಿ ನೋಡಬೇಕಿತ್ತು. ಇದನ್ನು ಬರೆಯುವಾಗಲೂ ಯಾರಾದರೂ ಬೆನ್ನ ಹಿಂದೆ ನಿಂತು ಓದುತ್ತಿದ್ದಾರೇನೋ ಎಂದು ತಿರುಗಿ ನೋಡಿಕೊಂಡಿದ್ದೇನೆ.

ನಾನು ಇಂಡಿಯಲ್ಲಿ ಒಂದು ಸರಕಾರಿ ಕಚೇರಿಯ ಗುಮಾಸ್ತ. ಶೋಭಾ ನಾಲತವಾಡದಲ್ಲಿ ಸಾಲಿ ಟೀಚರು. ಜಿಲ್ಲೆ ಒಂದೇ, ಆದರೆ ನಾನು ಅದರ ಒಂದು ತುದಿಗೆ, ಆಕೆ ಇನ್ನೊಂದು ತುದಿಗೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ. ಹೀಗೆ ಮೂರು ಜನರ ಒಂದು ಸಂಸಾರಕ್ಕೆ ಮೂರು ಊರು, ಮೂರು ಬೀಗ. ಪತಿ-ಪತ್ನಿ ಪ್ರಕರಣ ಎಂಬ ಹೆಸರಿನಲ್ಲಿ ಗಂಡ ಹೆಂಡತಿ ಒಂದೇ ಕಡೆ ವರ್ಗ ಕೇಳಬಹುದು, ನಾವೂ ಪ್ರತಿವರ್ಷ ಕೇಳುತ್ತೇವೆ. ನನ್ನ ಇಲಾಖೆ ಆಕೆಯನ್ನು ಈ ಕಡೆ ಕಳಿಸಿ ಎನ್ನುತ್ತದೆ, ಆಕೆಯ ಇಲಾಖೆ ನನ್ನನ್ನು ಆ ಕಡೆ ಕಳಿಸಿ ಎನ್ನುತ್ತದೆ. ಪ್ರಕರಣ ಎಂಬ ಶಬ್ದ ಕೇಳಿದರೆ ನಾವಿಬ್ಬರೂ ಸೇರಿ ಏನೋ ಕಳವು ಮಾಡಿ ಸಿಕ್ಕಿಬಿದ್ದಂತೆ ಅನಿಸುತ್ತದೆ. ಎರಡು ರವಿವಾರಕ್ಕೊಮ್ಮೆ ನಾನು ಹೋಗುತ್ತೇನೆ ಇಲ್ಲವೇ ಆಕೆ ಬರುತ್ತಾಳೆ. ಇಬ್ಬರಿಗೂ ಪೂರ್ತಿ ದಿನ ಸಿಗದ ವಾರ ನಡುವಿನ ಬಸವನ ಬಾಗೇವಾಡಿಯಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಕಲ್ಲಿನ ಕಟ್ಟೆಯ ಮೇಲೆ ಕೂತು, ಆಕೆ ಕಟ್ಟಿ ತಂದ ಚಪಾತಿ ಪಲ್ಯ ತಿಂದು, ಆಕೆ ಮುದ್ದೇಬಿಹಾಳದ ಬಸ್ಸಿಗೆ, ನಾನು ವಿಜಾಪುರದ ಬಸ್ಸಿಗೆ ಹತ್ತುತ್ತೇವೆ. ಎರಡು ಮಕ್ಕಳಷ್ಟು ದೊಡ್ಡ ಕೈಚೀಲ ಹಿಡಿದು ಹೀಗೆ ಕೂತ ನಮ್ಮನ್ನು ನೋಡಿ ಒಬ್ಬ ಕಂಟ್ರೋಲರು ಒಮ್ಮೆ ‘ಯಾವೂರಿಗೆ ಓಡಿ ಹೊಂಟೀರ್ರಿ?’ ಎಂದು ಚೇಷ್ಟೆ ಮಾಡಿದ್ದ. ಈ ವಯಸ್ಸಿನಲ್ಲಿ ಆ ಮಾತಿಗೆ ಆಕೆ ನಾಚಿದ್ದು ನನಗೆ ಇನ್ನೂ ನೆನಪಿದೆ.

ಉಳಿದ ದಿನಗಳಲ್ಲಿ ಸಂಜೆ ಏಳೂವರೆಗೆ ವಿಡಿಯೋ ಕಾಲ್. ಆಕೆ ಮೊಬೈಲನ್ನು ಅಡ್ಡ ಮಾಡಿ ಸಕ್ಕರೆ ಡಬ್ಬಿಗೆ ಒರಗಿಸುತ್ತಾಳೆ, ನಾನು ಇಂಡಿಯ ಬಾಡಿಗೆ ಖೋಲಿಯಲ್ಲಿ ಲ್ಯಾಪ್‌ಟಾಪ್ ತೆರೆಯುತ್ತೇನೆ. ನನ್ನ ಲ್ಯಾಪ್‌ಟಾಪಿನ ಪರದೆ ಹದಿನಾಲ್ಕು ಇಂಚು. ಅದರಲ್ಲಿ ಆಕೆಯ ಮುಖ ನನ್ನ ಅಂಗೈಯಷ್ಟಾಗುತ್ತದೆ. ಅಷ್ಟು ಸಾಕಲ್ಲ ಎಂದು ಮೊದಮೊದಲು ಸಮಾಧಾನ ಮಾಡಿಕೊಂಡೆ. ಆದರೆ ಒಂದು ದಿನ ಆಕೆ ಮೂರು ದಿನ ಜ್ವರ ಬಂದು ಮಲಗಿ ಎದ್ದಿದ್ದಳು ಎಂಬುದು ಆಕೆಯ ಪಕ್ಕದ ಮನೆಯವರ ಬಾಯಿಂದ ಗೊತ್ತಾಯಿತು. ಆ ಮೂರೂ ಸಂಜೆ ನಾನು ಆಕೆಯ ಮುಖ ನೋಡಿ ಮಾತಾಡಿದ್ದೆ, ಆರಾಮ ಇದ್ದೇನೆ ಎಂದಿದ್ದಳು, ನಾನು ನಂಬಿದ್ದೆ. ಅಂಗೈಯಷ್ಟು ಮುಖದಲ್ಲಿ ಜ್ವರ ಕಾಣುವುದಿಲ್ಲ. ಅಂದೇ ಮುಖ ಮುಖದಷ್ಟೇ ಇರಬೇಕು, ಒಂದು ಗುಂಜಿಯೂ ಕಡಿಮೆ ಇರಬಾರದು ಎಂದು ತೀರ್ಮಾನ ಮಾಡಿದೆ.

ಹಾಗಾದರೆ ಮುಖ ಎಷ್ಟು? ಮುಂದಿನ ರವಿವಾರ ನಾಲತವಾಡಕ್ಕೆ ಹೋದಾಗ, ಆಕೆ ಮಧ್ಯಾಹ್ನ ಒರಗಿದ್ದ ಹೊತ್ತಿನಲ್ಲಿ, ಆಕೆಯದೇ ಸಾಲಿಯ ಸ್ಕೇಲು ತೆಗೆದುಕೊಂಡು ಹಣೆಯಿಂದ ಗದ್ದದ ತನಕ ಅಳೆಯಲು ಕೂತೆ. ಎಂಟು ಇಂಚಿಗೆ ಒಂದು ಗೆರೆ ಕಡಿಮೆ ಎಂದು ಓದುವಷ್ಟರಲ್ಲಿ ಕಣ್ಣು ಬಿಟ್ಟಳು.

“ಏನ್ ಮಾಡಾಕತ್ತೀರಿ?”

“ಏನಿಲ್ಲ, ಸುಮ್ನ.”

“ಸುಮ್ನ ಯಾರರ ಮಾರಿ ಅಳೀತಾರೇನ್ರಿ? ಫೋಟೋಕ್ಕ ಕಟ್ಟ ಹಾಕಿಸಿ ಗ್ವಾಡಿಗೆ ತೂಗ ಹಾಕಬೇಕಂತೀರೇನು? ನಾ ಇನ್ನಾ ಗಟ್ಟಿ ಅದೀನಿ,” ಎಂದು ಸ್ಕೇಲು ಕಿತ್ತುಕೊಂಡಳು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅಚಾನಕ್ಕಾಗಿ ಒಂದು ಸಂಜೆ ಎದುರಿಗೆ ಪೂರ್ತಿ ಮುಖ ಬಂದಾಗ ಹೇಳಿ ಖುಷಿಪಡಿಸಬೇಕೆಂದು ಒಳಗೊಳಗೇ ಇಟ್ಟುಕೊಂಡೆ.

ಇನ್ನು ಮಾನಿಟರು ಹುಡುಕಿದ ಕಥೆ. ಇಂಡಿಯಲ್ಲಿ ಕಂಪ್ಯೂಟರ್ ಮಾರುವ ಅಂಗಡಿಯವರು ಮಾನಿಟರ್ ಒಂದೇ ಕೊಡಲು ಒಪ್ಪಲಿಲ್ಲ. “ಒಂಟಿ ಮಾರಂಗಿಲ್ರಿ ಸರ್. ಸಿಪಿಯು, ಕೀಬೋರ್ಡ್, ಮೌಸ್ ಎಲ್ಲಾ ಸೆಟ್ ಇರತೈತಿ. ಸೆಟ್ ಒಡದ್ರ ಉಳದದ್ದು ಯಾರ ತಗೋತಾರ?” ಎಂದರು. ಸೆಟ್ ಒಡೆಯಬಾರದೆಂಬ ತಿಳಿವಳಿಕೆ ಒಂದು ಅಂಗಡಿಗಿದ್ದಷ್ಟು ನಮ್ಮ ಎರಡು ಇಲಾಖೆಗಳಿಗೆ ಇಲ್ಲವಲ್ಲ ಎಂದುಕೊಂಡು ಹೊರಬಂದೆ. ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸುವ ನಡುವೆ ಒಂದು ಅಂಗಡಿಯಲ್ಲಿ ವಿಚಾರಿಸಿದರೆ ಅವರು ಟಿವಿ ತೋರಿಸಿದರು. ಇದಕ್ಕೂ ಲ್ಯಾಪ್‌ಟಾಪ್ ಹಚ್ಚಬಹುದು, ಮೇಲಾಗಿ ಧಾರಾವಾಹಿಯೂ ನೋಡಬಹುದು ಎಂದರು. ಆದರೆ ಟಿವಿ ಎಂದರೆ ನನ್ನ ಎಕ್ಸೆಲ್ ಶೀಟಿನ ಸುಳ್ಳು ನಿಲ್ಲುವುದಿಲ್ಲ. ಅಲ್ಲದೆ ಅಷ್ಟು ಹತ್ತಿರ ಕೂತು ನೋಡಿದಾಗ ತೆರೆಯ ಮೇಲಿನ ನಟಿಯ ಮುಖ ಜೋಳದ ಹಿಟ್ಟು ಚೆಲ್ಲಿದಂತೆ ಕಾಣುತ್ತಿತ್ತು. ನನ್ನ ಖೋಲಿಯಲ್ಲಿ ದೂರ ಕೂರಬೇಕೆಂದರೆ ಗೋಡೆ ಒಡೆಯಬೇಕು. ವಿಜಾಪುರದಲ್ಲಿ ಹತ್ತೊಂಬತ್ತು ಇಂಚಿನದು ಮಾತ್ರ ಇತ್ತು. ದೊಡ್ಡದು ಬೇಕಾದರೆ ತರಿಸಿಕೊಡುತ್ತೇವೆ, ತರಿಸಿದ ಮೇಲೆ ಒಲ್ಲೆ ಅನ್ನುವಂತಿಲ್ಲ ಎಂದರು. ನೋಡದೆ ಒಪ್ಪುವ ಕಾಲ ನಮ್ಮ ಅಜ್ಜನ ಕಾಲಕ್ಕೆ ಮುಗಿಯಿತು.

ಆನ್‌ಲೈನಿನಲ್ಲಿ ನೂರಾರು ಇದ್ದವು. ತಿಂಗಳುಗಟ್ಟಲೆ ಓದಿದೆ. ಐಪಿಎಸ್ ಪರದೆ, ರಿಫ್ರೆಶ್ ರೇಟು, ಬಣ್ಣದ ನಿಖರತೆ ಎಲ್ಲ ಬಾಯಿಪಾಠವಾಯಿತು. ಕೊಂಡವರಲ್ಲಿ ಒಬ್ಬನು ಆಟ ಆಡಲು ಬಾಳ ಚಂದ ಎಂದು ಬರೆದಿದ್ದ, ಇನ್ನೊಬ್ಬ ಸಿನಿಮಾಕ್ಕೆ ಚಂದ ಎಂದಿದ್ದ. ದೂರದ ಊರಿನ ಹೆಂಡತಿಯನ್ನು ನೋಡಲು ಹೇಗಿದೆ ಎಂದು ಒಬ್ಬ ಪುಣ್ಯಾತ್ಮನೂ ಬರೆದಿರಲಿಲ್ಲ. ಕೊನೆಗೊಂದನ್ನು ಗಟ್ಟಿ ಮಾಡಿ ಒತ್ತಿದರೆ, ಈ ವಸ್ತು ನಿಮ್ಮ ಪಿನ್‌ಕೋಡಿಗೆ ತಲುಪುವುದಿಲ್ಲ ಎಂದು ಕೆಂಪು ಅಕ್ಷರ ಬಂತು. ತಲುಪುವಂಥ ಇನ್ನೊಂದನ್ನು ತರಿಸಿದ್ದ ನಮ್ಮ ಕಚೇರಿಯ ಸಹೋದ್ಯೋಗಿಗೆ ಪರದೆ ನಡುವೆ ಒಡೆದು ಬಂದಿತ್ತು. ನನ್ನ ಶೋಭಾಳ ಮುಖದ ನಡುವೆ ಅಂಥ ಗೆರೆ ನೆನೆಸಿಕೊಂಡು ಆ ದಾರಿ ಬಿಟ್ಟೆ.

ಸಿಂದಗಿಗೆ ಮೀಟಿಂಗಿಗೆ ಹೋದ ದಿನ ನನ್ನ ದೈವ ತೆರೆಯಿತು. ಬಜಾರಿನಲ್ಲಿ ಸಿಸಿಟಿವಿ ಕ್ಯಾಮೆರಾ ಹಾಕಿಕೊಡುವ ಅಂಗಡಿ. ಒಳಗೆ ಗೋಡೆಯ ಮೇಲೆ ದೊಡ್ಡದೊಂದು ಮಾನಿಟರು, ಅದರ ತುಂಬ ಒಂದು ಎಮ್ಮೆ. ಮಾಲೀಕ ಬಸಪ್ಪ ನನ್ನ ಬೆರಗು ನೋಡಿ, “ನಮ್ದ ಎಮ್ಮಿ ಐತ್ರಿ. ನಮ್ಮೂರು ಕನ್ನೊಳ್ಳ್ಯಾಗ ಕೊಟ್ಟಿಗಿಗೆ ಕ್ಯಾಮೆರಾ ಹಾಕೇನಿ. ದಿನ ತುಂಬಿದಾಕಿ ಅದಾಳ, ಯಾವಾಗ ಈಯ್ತಾಳೋ ಅಂತ ಇಲ್ಲಿಂದನ ನೋಡ್ತಿರ್ತೇನಿ,” ಎಂದ. ಇಪ್ಪತ್ನಾಲ್ಕು ಇಂಚು, ಒಂಟಿಯಾಗಿಯೇ ಮಾರುತ್ತಾನಂತೆ. ನಾನು ಸ್ಟೂಲು ಎಳೆದುಕೊಂಡು ಅರ್ಧ ತಾಸು ಆ ಎಮ್ಮೆಯನ್ನು ನೋಡಿದೆ. ಐಪಿಎಸ್ಸು, ರಿಫ್ರೆಶ್ ರೇಟು ಎಲ್ಲ ಮರೆತುಹೋಯಿತು. ರೆಪ್ಪೆಯ ಕೂದಲು ಒಂದೊಂದಾಗಿ ಕಾಣುತ್ತಿತ್ತು, ಮೂಗಿನ ಮೇಲಿನ ತೇವ ಕಾಣುತ್ತಿತ್ತು, ಮೆಲುಕು ನಿಲ್ಲಿಸಿ ಏನೋ ಯೋಚಿಸಿದ್ದು ಕೂಡ ಕಾಣುತ್ತಿತ್ತು. ಜ್ವರ ಬಂದರೆ ಖಂಡಿತ ಗೊತ್ತಾಗುತ್ತದೆ ಎನಿಸಿತು.

“ಮನುಷ್ಯಾರು ಹ್ಯಾಂಗ ಕಾಣ್ತಾರ್ರಿ ಇದರಾಗ?” ಎಂದು ಕೇಳಿದೆ.

“ಎಮ್ಮಿನ ಇಷ್ಟ ಚಂದ ಕಾಣಾಕತ್ತೈತಿ, ಮನುಷ್ಯಾರು ಕಾಣಂಗಿಲ್ಲೇನ್ರಿ ಸಾಹೇಬ್ರ?” ಎಂದು ಬಸಪ್ಪ ನಕ್ಕ. ಆಮೇಲೆ, “ನಿಮಗ ಯಾರನ್ನ ನೋಡೂದೈತ್ರಿ?” ಎಂದ. ಎಮ್ಮೆಯ ಮೇಲೆ ಅಷ್ಟು ಜೀವ ಇಟ್ಟುಕೊಂಡಿದ್ದ ಮನುಷ್ಯನ ಮುಂದೆ ಎಕ್ಸೆಲ್ ಶೀಟಿನ ಮಾತು ಬಾಯಿಗೆ ಬರಲಿಲ್ಲ. “ನಮ್ಮಾಕೀನ್ರಿ,” ಎಂದುಬಿಟ್ಟೆ. ಅವನು ನಗಲಿಲ್ಲ. ಗೋಡೆಯ ಮೇಲಿನದನ್ನೇ ಬಿಚ್ಚಿ ಒರೆಸಿ ಡಬ್ಬಿಗೆ ಹಾಕಿ, ಬೇಕಾದ ಕೇಬಲ್ಲನ್ನೂ ಜೋಡಿಸಿಕೊಟ್ಟ.

ಇಂಡಿಯ ಬಸ್ಸಿನಲ್ಲಿ ಆ ಚಪ್ಪಟೆ ಡಬ್ಬಿಗೆ ಬಸಪ್ಪ ಕೊಟ್ಟ ಹಳೇ ಚಾದರ ಸುತ್ತಿ ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಿದ್ದೆ. ಪಕ್ಕದ ಮುದುಕಿ ಕಾಲು ಮಡಚಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು, “ದೇವರ ಫೋಟೋ ಏನೋ ಯಪ್ಪಾ?” ಎಂದು ಕೇಳಿದಳು. ಇಲ್ಲ ಎನ್ನುವಷ್ಟರಲ್ಲಿ ಡಬ್ಬಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಾಗಿತ್ತು. ಆಮೇಲೆ ಯಾವ ದೇವರು ಎಂದಳು. “ಮನಿದೇವ್ರಬೇ,” ಎಂದೆ. ಆಕೆ ಮುಂದಿನ ಸೀಟಿನವನಿಗೆ ಚಪ್ಪಲಿ ಕಾಲು ಸರಿಸಲು ಹೇಳಿದಳು. ಇಂಡಿ ಬರುವ ತನಕ ನಾನು ಗಂಭೀರವಾಗಿ ಕೂರಬೇಕಾಯಿತು.

ಮರುದಿನ ಸಂಜೆ ಏಳಕ್ಕೇ ಎಲ್ಲ ಸಿದ್ಧ. ಲ್ಯಾಪ್‌ಟಾಪನ್ನು ಟೇಬಲ್ಲಿನ ಎಡಗಡೆ ಸರಿಸಿ, ಮಾನಿಟರನ್ನು ನಡುವೆ ಇಟ್ಟು, ನಾನು ಅದರೆದುರು ಇದ್ದಷ್ಟು ಕೂದಲು ಬಾಚಿಕೊಂಡು ಕೂತೆ. ಏಳೂವರೆಗೆ ಶೋಭಾ ಬಂದಳು. ಬಂದಳು ಎಂದೇ ಹೇಳಬೇಕು. ಎಂಟು ಇಂಚಿಗೆ ಒಂದು ಗೆರೆ ಕಡಿಮೆ, ಪೂರ್ತಿ, ನನ್ನ ಕೈಗೆಟಕುವಷ್ಟು ಹತ್ತಿರ. ಹುಬ್ಬಿನ ಮೇಲೆ ಸೀಮೆಸುಣ್ಣದ ಪುಡಿ. ಮೂಗಿನ ಎರಡೂ ಬದಿಗೆ ಚಾಳೀಸು ಕನ್ನಡಕದ ಗುರುತು. ಬೈತಲೆಯ ಎಡಕ್ಕೆ ಬೆಳ್ಳಗಾದ ನಾಲ್ಕು ಕೂದಲು, ಅವು ಯಾವಾಗ ಬಂದವೋ ನನಗೆ ಗೊತ್ತೇ ಇಲ್ಲ. ನಾನಿಲ್ಲದಾಗ ಆಕೆಗೆ ವಯಸ್ಸಾಗುತ್ತಿದೆ ಎಂಬುದು ನನಗೆ ಹೊಳೆದದ್ದೇ ಆಗ. ಹೇಳಬೇಕೆಂದುಕೊಂಡದ್ದನ್ನು ಮರೆತು ಆ ನಾಲ್ಕು ಕೂದಲನ್ನೇ ನೋಡುತ್ತ ಕೂತೆ.

“ಏನ್ರಿ, ಅತ್ಲಾಗ ಏನ್ ನೋಡಾಕತ್ತೀರಿ? ಯಾರರ ಬಂದಾರೇನು?” ಎಂದಳು.

“ಯಾರೂ ಇಲ್ಲ. ನಿನ್ನ ನೋಡಾಕತ್ತೇನಿ.”

“ನನ್ನ ನೋಡಾಕತ್ತಿದ್ರ ನಿಮ್ಮ ಕಿವಿ ಯಾಕ ಕಾಣಾಕತ್ತೈತಿ?”

ಆಗ ತಿಳಿಯಿತು. ಕ್ಯಾಮೆರಾ ಇರುವುದು ಲ್ಯಾಪ್‌ಟಾಪಿನಲ್ಲಿ, ಅದು ಎಡಗಡೆಗೆ. ಆಕೆಯ ಮುಖ ಇರುವುದು ಮಾನಿಟರಿನಲ್ಲಿ. ನಾನು ಆಕೆಯನ್ನು ಕಣ್ತುಂಬ ನೋಡಿದಷ್ಟೂ ಆಕೆಗೆ ನನ್ನ ಎಡಗಿವಿ ಮಾತ್ರ ಕಾಣುತ್ತದೆ. ತಿಂಗಳುಗಟ್ಟಲೆ ಓದಿದ ನನಗೆ ಇದೊಂದು ಹೊಳೆದಿರಲಿಲ್ಲ. ಎಲ್ಲ ಬಾಯಿಬಿಟ್ಟೆ, ಸ್ಕೇಲಿನ ಕಥೆಯನ್ನೂ, ಎಮ್ಮೆಯ ಕಥೆಯನ್ನೂ. ಹೇಳುತ್ತಲೇ ಹಳೇ ರಿಜಿಸ್ಟರು ಪೇರಿಸಿ ಲ್ಯಾಪ್‌ಟಾಪನ್ನು ಮಾನಿಟರಿನ ಹಿಂದೆ ಎತ್ತರಕ್ಕೆ ನಿಲ್ಲಿಸಿದೆ. ಆಕೆಗೆ ನನ್ನ ಬಕ್ಕತಲೆ ಕಂಡಿತು. ಇಳಿಸಿ ಬಲಕ್ಕಿಟ್ಟೆ, ಬಲಗಿವಿ ಕಂಡಿತು. ಕೊನೆಗೆ ಕ್ಯಾಮೆರಾದ ಕಣ್ಣನ್ನೇ ದಿಟ್ಟಿಸಿದೆ. ಆಕೆಗೆ ನನ್ನ ನೋಟ ಸಿಕ್ಕಿತು, ನನಗೆ ಮಾತ್ರ ಸಾಸಿವೆ ಕಾಳಿನಷ್ಟು ಒಂದು ದೀಪ ಕಂಡಿತು. ಇಬ್ಬರೂ ಒಂದೇ ಹೊತ್ತಿಗೆ ಒಬ್ಬರನ್ನೊಬ್ಬರು ನೋಡುವ ದಾರಿ ಇರಲಿಲ್ಲ. ಅಷ್ಟು ದಿನದ ಆಸೆ ಹೀಗೆ ಮಣ್ಣುಪಾಲಾದದ್ದಕ್ಕೆ ನನಗೆ ನಿಜಕ್ಕೂ ಅಳು ಬಂದಂತಾಯಿತು.

“ನಾಳೆ ವಾಪಸ್ ಕೊಟ್ಟ ಬರ್ತೇನಿ ಬಿಡು,” ಎಂದೆ.

“ಬ್ಯಾಡ್ರಿ,” ಎಂದಳು ಶೋಭಾ. “ಮೊದಲ ಹ್ಯಾಂಗ ಕೂತಿದ್ರಿ? ಹಂಗ ಕೂಡ್ರಿ. ಕಿವಿ ಕಾಣೂ ಹಂಗ.”

ಕೂತೆ. ಆಕೆ ಹೇಳಿದಳು: “ಇಷ್ಟ ದಿನಾ ನೀವು ಆ ಲ್ಯಾಪ್‌ಟಾಪಿನ್ಯಾಗ ಕಣ್ಣ ಅಗಲ ಮಾಡಿ ನನ್ನ ಮಾರೀನ ನೋಡ್ಕೋತ ಕೂಡ್ತಿದ್ರಿ. ಯಾರೋ ಬ್ಯಾರೆ ಗಂಡಸರ ಕೂಡ ಮಾತಾಡಿದಂಗ ಆಗತಿತ್ತು, ಏನ್ ಹೇಳಬೇಕಂತ ತಿಳೀತಿದ್ದಿಲ್ಲ. ಮನ್ಯಾಗ ಇದ್ದಾಗ ನೀವು ಯಾವಾಗ ನನ್ನ ಮಾರಿ ನೋಡಿ ಮಾತಾಡೀರಿ? ಪೇಪರ್ ಹಿಡದ ಅತ್ಲಾಗ ತಿರಗಿ ಕೂಡಾವ್ರು ನೀವು. ಈಗ ನೋಡ್ರಿ, ಮನ್ಯಾಗ ಕೂತಂಗ ಆತು.”

ಹೀಗೆಂದವಳೇ ಮನೆಯಲ್ಲಿದ್ದಂತೆಯೇ ಎದ್ದು, ಮಾತು ನಿಲ್ಲಿಸದೆ, ಬೇಳೆಗೆ ಒಗ್ಗರಣೆ ಕೊಡಲು ಒಳಗೆ ಹೋದಳು. ಇಪ್ಪತ್ನಾಲ್ಕು ಇಂಚಿನ ತುಂಬ ನಾಲತವಾಡದ ಒಂದು ಗೋಡೆ ಉಳಿಯಿತು, ಅದರಲ್ಲೊಂದು ಮೊಳೆ. ಒಳಗಿನಿಂದ ಹೆಡ್‌ಮಾಸ್ತರ ಸುದ್ದಿ ಬಂತು, ಹಾಲಿನವನ ಸುದ್ದಿ ಬಂತು, ಮೂರು ದಿನದ ಜ್ವರ ಎಷ್ಟು ಕೆಟ್ಟದಿತ್ತು ಎಂಬುದೂ ಈಗ ಬಂತು. ನಾನು ಕದಲದೆ ಆ ಗೋಡೆಯನ್ನೇ ನೋಡುತ್ತ ಕೂತಿದ್ದೆ.

“ಕೇಳಾಕತ್ತೀರಿಲ್ಲೋ?” ಎಂದು ಒಳಗಿನಿಂದ ಕೂಗಿದಳು.

“ಕೇಳಾಕತ್ತೇನಿ,” ಎಂದೆ. ಇಪ್ಪತ್ತೊಂದು ವರ್ಷದಲ್ಲಿ ಈ ಮಾತು ಸಾವಿರ ಸಲ ಹೇಳಿರಬೇಕು. ನಿಜ ಹೇಳಿದ್ದು ಅದೇ ಮೊದಲು.