ಮಾವ ಮಾಲೀಕತನ ಕಲಿತದ್ದು

ನಮ್ಮ ಸೋದರಮಾವನಿಗೆ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲವೆ! ಮಾನ್ವಿಯಲ್ಲಿ ಅವನದೊಂದು ಅಕ್ಕಿ ಗಿರಣಿ. ರಾಯಚೂರಿನಲ್ಲಿ ಡಿಗ್ರಿ ಮುಗಿಸಿದ ಮೇಲೆ ಐದು ವರ್ಷ ಆ ಗಿರಣಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಕರೆಂಟು ಹೋದರೆ ಗಿರಣಿ ನಿಲ್ಲುತ್ತಿತ್ತು, ಮಾವ ನಿಲ್ಲುತ್ತಿರಲಿಲ್ಲ.

ಗಿರಣಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು ಗಬ್ಬೂರಿನ ಮಿಸ್ತ್ರಿ. ಇಪ್ಪತ್ತು ವರ್ಷದ ಅನುಭವಸ್ಥ, ಮಾತು ಕಡಿಮೆ. ಯಂತ್ರದ ಮೇಲೆ ಅಂಗೈ ಇಟ್ಟು ಎಲ್ಲಿ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಮಗಳ ಮದುವೆಯಾದ ಹೊಸತರಲ್ಲಿ ಒಂದು ದಿನ ಅಳಿಯನನ್ನು ಕರೆತಂದು, ತಾನು ಕೆಲಸ ಮಾಡುವ ಜಾಗವನ್ನು ಹೆಮ್ಮೆಯಿಂದ ತೋರಿಸುತ್ತಿದ್ದ. ಅದೇ ಹೊತ್ತಿಗೆ ಮಾವ ಅವನನ್ನು ಮೂರು ಸಲ ಕೂಗಿದ. ಮಿಸ್ತ್ರಿ ತಿರುಗಿ ನೋಡಲಿಲ್ಲ. ಆಮೇಲೆ ಮಾವ ಎದುರಿಗೇ ಬಂದು ಬೈದದ್ದು ಅಚ್ಚಿಗೆ ಯೋಗ್ಯವಲ್ಲ. ಅದರಲ್ಲಿ ಎಮ್ಮೆ ಎರಡು ಸಲ ಬಂತು ಎಂದಷ್ಟೇ ಹೇಳಬಲ್ಲೆ. ಮಿಸ್ತ್ರಿ ಕೈ ಒರೆಸಿಕೊಂಡ, ಟವೆಲನ್ನು ಹೆಗಲಿಗೆ ಹಾಕಿದ, ಅಳಿಯನ ಜೊತೆ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟ.

ಮರುದಿನದಿಂದ ಗಿರಣಿಯಲ್ಲಿ ಅಕ್ಕಿಯ ಬದಲು ನುಚ್ಚು ಬೀಳತೊಡಗಿತು. ಬೇರೆ ಇಬ್ಬರು ಮೆಕ್ಯಾನಿಕ್ಕರು ಬಂದರು, ನೋಡಿದರು, ಚಹಾ ಕುಡಿದರು, ಹೋದರು. ಕೊನೆಗೆ ನಮ್ಮ ಅತ್ತೆಯೇ ಬಾಯಿ ಬಿಟ್ಟಳು.

"ರಿಪೇರಿ ಮಷಿನ್ನಿಗಲ್ರೀ, ನಿಮಗ ಆಗಬೇಕಾಗ್ಯಾದ."

ಅಷ್ಟಕ್ಕೇ ಬಿಡಲಿಲ್ಲ. ಒಳ್ಳೆಯ ಮಾಲೀಕನಾಗುವುದು ಹೇಗೆ ಎಂದು ಕಲಿಸುವ ಎರಡು ದಿನದ ತರಬೇತಿಗೆ ಅವನನ್ನು ರಾಯಚೂರಿಗೆ ಅಟ್ಟಿದಳು. ಮಾವ ಒಂದು ನೋಟ್‌ಬುಕ್ಕಿನ ತುಂಬ ಬರೆದುಕೊಂಡು ಬಂದ.

ಮೊದಲ ಪಾಠ, ನೌಕರರನ್ನು ನಗುನಗುತ್ತ ಬರಮಾಡಿಕೊಳ್ಳುವುದು. ಬೆಳಿಗ್ಗೆ ಗೇಟಿನಲ್ಲಿ ನಿಂತು ಮಾವ ಹಲ್ಲು ಬಿಟ್ಟ. ಹಮಾಲರು ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದು, ಗಿರಣಿ ಯಾವತ್ತು ಮುಚ್ಚುತ್ತೀರಿ ಎಂದು ಮೆಲ್ಲಗೆ ವಿಚಾರಿಸಿದರು. ಮಧ್ಯಾಹ್ನದೊಳಗೆ ಒಬ್ಬ ಬೇರೆ ಗಿರಣಿಯಲ್ಲಿ ಕೆಲಸವನ್ನೂ ಕೇಳಿ ಬಂದಿದ್ದ!

ಎರಡನೆಯದು, ಪ್ರತಿಯೊಬ್ಬರನ್ನೂ ದಿನಕ್ಕೊಮ್ಮೆ ಹೊಗಳುವುದು. ಎರಡು ದಿನ ಹೇಗೋ ನಡೆಯಿತು. ಮೂರನೆಯ ದಿನ ಹೊಗಳಿಕೆಯ ದಾಸ್ತಾನು ಖಾಲಿಯಾಯಿತು. ಅಕ್ಕಿ ಹಸನು ಮಾಡುವ ಮುದುಕಿಯ ಮುಂದೆ ಬಹಳ ಹೊತ್ತು ನಿಂತು ಯೋಚಿಸಿದ ಮಾವ, "ಯವ್ವಾ, ನೀ ಭಾಳ ಚೊಲೊ ಉಸಿರಾಡ್ತಿ ನೋಡು" ಎಂದ. ಮುದುಕಿ ಗಾಬರಿಯಾಗಿ ಸಂಜೆಯೇ ದವಾಖಾನೆಗೆ ಹೋಗಿ ಎದೆ ತೋರಿಸಿಕೊಂಡು ಬಂದಳು.

ಎದುರಿನವರ ಮಾತು ಮುಗಿಯುವ ತನಕ ಬಾಯಿ ತೆರೆಯಬಾರದು ಎಂಬ ಪಾಠವಂತೂ ಅವನಿಗೆ ಪ್ರಾಣಸಂಕಟ. ಕೈಯಿಂದ ಬಾಯಿ ಒತ್ತಿ ಹಿಡಿದು ಕೂರುತ್ತಿದ್ದ. ಹಲ್ಲುನೋವಿರಬೇಕೆಂದು ಲಾರಿ ಡ್ರೈವರ್ ಲವಂಗ ತಂದುಕೊಟ್ಟ.

ಇಷ್ಟೆಲ್ಲ ಆದರೂ ನುಚ್ಚು ಮಾತ್ರ ನಿಲ್ಲಲಿಲ್ಲ. ಮಿಸ್ತ್ರಿ ಫೋನೂ ಎತ್ತಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಉಳಿದದ್ದು ಒಂದೇ ಪಾಠ: ತಪ್ಪೊಪ್ಪಿಗೆ. ಮೆಲುದನಿಯಲ್ಲಿ ಹೇಳಬೇಕು, ನೆಪ ಹೇಳಬಾರದು, 'ಆದರೆ' ಎಂಬ ಶಬ್ದ ಕೂಡದು.

ನನ್ನನ್ನೂ ಎಳೆದುಕೊಂಡು ಗಬ್ಬೂರಿಗೆ ಹೊರಟ. ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತಿದ ಮೇಲೆ ತಾಲೀಮಿಗೆಂದು ನನ್ನನ್ನೇ ಮಿಸ್ತ್ರಿ ಎಂದುಕೊಂಡು ನನ್ನ ಕ್ಷಮೆ ಕೇಳುತ್ತಲೇ ಬಂದ. ಏಳನೆಯ ಸಲಕ್ಕೆ ಹಿಂದಿನ ಸೀಟಿನ ಹೆಣ್ಣುಮಗಳು, ಹಿರಿಯರು ಅಷ್ಟು ಕೇಳಾಕತ್ತಾರ, ಬಿಟ್ಟುಬಿಡು ತಮ್ಮಾ ಎಂದು ನನಗೇ ಬುದ್ಧಿ ಹೇಳಿದಳು.

ಗಬ್ಬೂರಿನಲ್ಲಿ ಮಿಸ್ತ್ರಿ ಮನೆಯ ಕಟ್ಟೆಯ ಮೇಲಿದ್ದ. ನಮ್ಮನ್ನು ಕಂಡು ಎದ್ದು ಚಾಪೆ ಹಾಸಿ, ಮತ್ತೆ ಓಣಿಯ ಕಡೆ ಮುಖ ಮಾಡಿ ಕುಳಿತ. ಮಾವ ಅವನ ಎಡಗಡೆ ಕುಳಿತು, ಪಾಠದ ಪ್ರಕಾರ ಮೆಲುದನಿಯಲ್ಲಿ ಎಲ್ಲವನ್ನೂ ಒಪ್ಪಿಸಿದ. ಮಿಸ್ತ್ರಿ ಮಿಸುಕಲಿಲ್ಲ. ಮಾವ ಮೊದಲಿನಿಂದ ಇನ್ನೊಮ್ಮೆ ಹೇಳಿದ. ಮಿಸ್ತ್ರಿ ಓಣಿಯನ್ನೇ ನೋಡುತ್ತಿದ್ದ. ಮಾವನ ಕಿವಿ ಕೆಂಪಾದವು. ಇನ್ನೇನು ಎಮ್ಮೆ ಬಂತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಚಹಾ ತಂದ ಮಿಸ್ತ್ರಿಯ ಹೆಂಡತಿ ಬಾಗಿಲಲ್ಲೇ ನಿಂತಳು.

"ಆ ಕಡಿ ಕುಂತು ಮಾತಾಡಿದ್ರ ಇವರಿಗೆ ಕೇಳಂಗಿಲ್ರೀ ಧಣಿ. ಎಡಗಿವಿ ಹೋಗಿ ಆರು ವರ್ಷ ಆತು. ಗಿರಣಿ ಸಪ್ಪಳಕ್ಕ."

ಮಾವ ಅವಳನ್ನೇ ನೋಡಿದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಹೇಳಿದ್ರ ಕೆಲಸದಾಗ ಇಟ್ಕೋತಿದ್ರೇನ್ರೀ?"

ಮಾವ ಎದ್ದು, ಸುತ್ತಿಕೊಂಡು ಬಂದು, ಮಿಸ್ತ್ರಿಯ ಬಲಗಡೆ ಕುಳಿತ. ಹಿಂದಿನ ಓಣಿಯಲ್ಲೇ ಇದ್ದ ಅಳಿಯನನ್ನು ಕರೆಸಲು ಹೇಳಿದ. ಅವನು ಬಂದು ನಿಂತ ಮೇಲೆ ಮಾವನ ಬಾಯಿಂದ ಬಂದದ್ದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

"ಅವತ್ತು ನಿನ್ನ ಮುಂದನ ಬೈದಿದ್ದೆ, ಅದಕ್ಕ ನಿನ್ನ ಮುಂದನ ಹೇಳ್ತೀನಪ್ಪ. ತಪ್ಪು ನಂದು. ಇಂಥ ಮನುಷ್ಯಾ ನಮ್ಮ ಗಿರಣ್ಯಾಗ ಮತ್ತೊಬ್ಬ ಇಲ್ಲ."

ಮಿಸ್ತ್ರಿ ಮಷಿನ್ ಹೇಗೆ ನಡೆದಿದೆ ಎಂದು ವಿಚಾರಿಸಿದ. ನುಚ್ಚಿನ ವಿಷಯ ಕೇಳಿ ತಲೆ ಅಲ್ಲಾಡಿಸಿ, ಸೋಮವಾರ ಬರುತ್ತೇನೆ ಎಂದ.

ಬಂದ. ಮಾವ ಪೂರ್ತಿ ಸುಧಾರಿಸಿದ ಎಂದರೆ ಮಾನ್ವಿಯಲ್ಲಿ ಯಾರೂ ನಂಬುವುದಿಲ್ಲ; ನಮ್ಮನ್ನೆಲ್ಲ ಮೊದಲಿನ ಹಾಗೆಯೇ ಬೈಯುತ್ತಿದ್ದ. ಆದರೆ ಮಿಸ್ತ್ರಿಗೆ ಏನಾದರೂ ಹೇಳುವುದಿದ್ದರೆ ಮಾತ್ರ ಆಫೀಸಿನಿಂದ ಇಳಿದು, ತೌಡಿನ ಧೂಳು ದಾಟಿ ಹೋಗಿ, ಅವನ ಬಲಗಡೆ ನಿಂತು, ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಗುತ್ತಿದ್ದ. ಏನು ಹೇಳುತ್ತಿದ್ದನೋ, ನಮಗ್ಯಾರಿಗೂ ಕೇಳಿಸುತ್ತಿರಲಿಲ್ಲ.